ಮಗುವಿಗೆ ಏನು ಹೆಸರು? ಕ್ರೈಸ್ತ ಹೆಸರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಹತ್ತಿರದ ನಮ್ಮ ಇಗರ್ಜಿಯಲ್ಲಿ ದೀಕ್ಷಾಸ್ನಾನಕ್ಕೆ ಮುಂಚೆ ತಂದೆತಾಯಂದಿರಿಗೂ, ಮಗುವಿನ ನಂಬಿಕೆಗೆ ಹೊಣೆಯಾಗಿ ನಿಲ್ಲುವ ಜ್ಞಾನ ತಂದೆತಾಯಂದಿರಿಗೂ ಒಂದು ಸಂಜೆ ಪಾಠ ಇರುತ್ತದೆ. ಪಾಠ ಹೇಳುವವರಲ್ಲಿ ನಾನೂ ಒಬ್ಬ. ಕೃಪೆ, ಸಭೆ, ಸಂಸ್ಕಾರ ಎಂದು ಟಿಪ್ಪಣಿ ಮಾಡಿಕೊಂಡು ಹೋದ ವಿಷಯಗಳ ಮೇಲೆ ಪ್ರಶ್ನೆ ಬರುವುದು ಅಪರೂಪ. ಪಾಠ ಮುಗಿದು ಚಹಾದ ಲೋಟ ಕೈಗೆ ಬಂದ ಕೂಡಲೇ ಎಲ್ಲರಿಗೂ ಮಾತು ಬರುತ್ತದೆ, ಮಾತೆಲ್ಲ ಹೆಸರಿನದು. ಅದೇ ಪ್ರಶ್ನೆಗಳಿಗೆ ಅದೇ ಉತ್ತರ ಹೇಳಿ ಹೇಳಿ, ಒಮ್ಮೆ ಬರೆದೇ ಬಿಡೋಣ ಎಂದು ಕುಳಿತೆ. ನಾನು ಕಥೋಲಿಕ, ಹಾಗಾಗಿ ಉತ್ತರಗಳೂ ಹೆಚ್ಚಾಗಿ ಆ ಕಡೆಯಿಂದಲೇ ಬಂದಿವೆ. ಪ್ರೊಟೆಸ್ಟೆಂಟ್ ಮನೆಗಳ ವಿಷಯ ಬರುವಲ್ಲಿ ಬೇರೆಯಾಗಿ ಹೇಳಿದ್ದೇನೆ.

ಕ್ರೈಸ್ತ ನಂಬಿಕೆಯಲ್ಲಿ ಹೆಸರಿಗೆ ಅಷ್ಟು ಮಹತ್ವ ಏಕೆ?

ದೀಕ್ಷಾಸ್ನಾನದ ವಿಧಿ ಆರಂಭವಾಗುವುದೇ ಒಂದು ಪ್ರಶ್ನೆಯಿಂದ. ಗುರುಗಳು ಬಾಗಿಲ ಬಳಿ ಬಂದು ಕೇಳುತ್ತಾರೆ: “ಈ ಮಗುವಿಗೆ ಏನು ಹೆಸರಿಡುತ್ತೀರಿ?” ಆಮೇಲೆ ತಲೆಯ ಮೇಲೆ ಮೂರು ಬಾರಿ ನೀರು ಸುರಿಯುವಾಗಲೂ ಮೊದಲು ಬರುವುದು ಮಗುವಿನ ಹೆಸರು. ಅದರ ಬೆನ್ನಿಗೇ ಪಿತನ, ಸುತನ, ಪವಿತ್ರಾತ್ಮನ ನಾಮ. ಕೂಸಿನ ಹೆಸರೂ ದೇವರ ಹೆಸರೂ ಒಂದೇ ಉಸಿರಿನಲ್ಲಿ ಬರುತ್ತವೆ. ಮನೆತನದ ಹೆಸರಿಗೆ ಅಲ್ಲಿ ಜಾಗವಿಲ್ಲ. ಡಿಸೋಜರ ಮಗುವೋ ಪಿಂಟೊ ಮನೆಯ ಮಗುವೋ ಎಂಬುದು ಪುಸ್ತಕದಲ್ಲಿ ಬರೆಯುವಾಗ ಬೇಕು, ನೀರಿನ ಹತ್ತಿರ ಬೇಡ.

ಬೈಬಲಿನಲ್ಲಿ ದೇವರು ಮನುಷ್ಯರನ್ನು ಹೆಸರು ಹಿಡಿದು ಕರೆಯುತ್ತಾನೆ. ಯೆಶಾಯನ ಗ್ರಂಥದ 43ನೇ ಅಧ್ಯಾಯದಲ್ಲಿ, ನಿನ್ನ ಹೆಸರು ಹಿಡಿದು ಕರೆದಿದ್ದೇನೆ, ನೀನು ನನ್ನವನು ಎಂಬ ಮಾತಿದೆ. ಯೋಹಾನನ ಸುವಾರ್ತೆಯ 10ನೇ ಅಧ್ಯಾಯದ ಕುರುಬ ತನ್ನ ಕುರಿಗಳನ್ನು ಒಂದೊಂದಾಗಿ ಹೆಸರು ಹೇಳಿ ಕರೆಯುತ್ತಾನೆ. ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ ಸುವಾರ್ತೆಯ 20ನೇ ಅಧ್ಯಾಯ. ಸಮಾಧಿಯ ಹೊರಗೆ ನಿಂತು ಅಳುತ್ತಿದ್ದ ಮಗ್ದಲದ ಮರಿಯಳ ಎದುರಿಗೇ ಯೇಸು ನಿಂತಿದ್ದಾನೆ. ಅವಳಿಗೆ ಗುರುತು ಸಿಗುವುದಿಲ್ಲ. ತೋಟಗಾರನೆಂದುಕೊಂಡು, ದೇಹವನ್ನು ಎಲ್ಲಿಟ್ಟೆ ಎಂದು ಅವನನ್ನೇ ಕೇಳುತ್ತಾಳೆ. ಯೇಸು ತಾನು ಯಾರೆಂದು ವಿವರಿಸುವುದಿಲ್ಲ, “ಮರಿಯ” ಎನ್ನುತ್ತಾನೆ, ಅಷ್ಟೇ. ಅವಳು ತಿರುಗಿ “ಗುರುವೇ” ಎನ್ನುತ್ತಾಳೆ. ಕಣ್ಣಿಗೆ ಸಿಗದ ಗುರುತು ಕಿವಿಗೆ ಸಿಕ್ಕಿತು.

ಮುಂದಿನ ಉತ್ತರಗಳಲ್ಲೆಲ್ಲ ನಾನು ಮತ್ತೆ ಮತ್ತೆ ಬರುವುದು ಇಲ್ಲಿಗೇ. ಹೆಸರು ಇರುವುದು ಕರೆಯುವುದಕ್ಕೆ. ಅರ್ಥ, ಅಂದ, ಅಪರೂಪ ಎಲ್ಲವೂ ಆಮೇಲಿನ ಮಾತು.

ಹೆಸರಿಗೆ ಒಳ್ಳೆಯ ಅರ್ಥ ಇರಲೇಬೇಕೇ?

ಇದ್ದರೆ ಸಂತೋಷ. ಮಿಕಾಯೇಲ ಎಂದರೆ ‘ದೇವರಿಗೆ ಸಮಾನರು ಯಾರು?’, ರಫಾಯೇಲ ಎಂದರೆ ‘ದೇವರು ಗುಣಪಡಿಸುತ್ತಾನೆ’. ಮತ್ತಾಯ, ನಥಾನಿಯೇಲ್, ಡೊರೊಥಿ ಮೂರರಲ್ಲೂ ದೇವರ ಕೊಡುಗೆ ಎಂಬ ಭಾವವಿದೆ. ಕ್ರಿಸ್ಟೋಫರ್ ಎಂದರೆ ಕ್ರಿಸ್ತನನ್ನು ಹೊತ್ತವನು. ಹುಟ್ಟಿದ ದಿನ ನೋಡಿ ಇಟ್ಟ ಹೆಸರುಗಳೂ ಉಂಟು: ಕ್ರಿಸ್ಮಸ್ ಕಾಲಕ್ಕೆ ನತಾಲಿಯ ಅಥವಾ ನೋಯೆಲ್, ಈಸ್ಟರಿಗೆ ಪಾಸ್ಕಲ್, ಜಪಮಾಲೆಯ ಅಕ್ಟೋಬರ್ ತಿಂಗಳಿಗೆ ರುಜಾರ್.

ಆದರೆ ಮೊಬೈಲಿನಲ್ಲಿ ಅರ್ಥ ಹುಡುಕುತ್ತಾ ಹೋದವರಿಗೆ ಕೆಲವೊಮ್ಮೆ ಆಘಾತ ಕಾದಿರುತ್ತದೆ. ಕ್ಲೌಡಿಯ ಎಂಬುದು ಕುಂಟು ಎಂಬ ಲ್ಯಾಟಿನ್ ಮಾತಿನಿಂದ ಬಂದದ್ದು. ಸಿಸಿಲಿಯ ಎಂಬುದರ ಬೇರು ಕುರುಡು ಎಂಬ ಪದಕ್ಕೆ ಹೋಗುತ್ತದೆ. ಕ್ಯಾಲ್ವಿನ್ ಎಂದರೆ ಬೋಳುತಲೆಯವ, ಫಿಲಿಪ್ ಎಂದರೆ ಕುದುರೆಗಳನ್ನು ಪ್ರೀತಿಸುವವ, ಪೌಲ ಎಂದರೆ ಸಣ್ಣವ. ಆ ಸಣ್ಣವ ಸಿರಿಯದಿಂದ ರೋಮಿನವರೆಗೆ ನಡೆದ, ಕುರುಡು ಹೆಸರಿನ ಸಂತ ಸಿಸಿಲಿಯ ಸಂಗೀತಗಾರರ ಪಾಲಕಿಯಾದಳು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ನಮ್ಮಲ್ಲಿದೆಯಲ್ಲ, ಅದರ ತಿರುಗುಮುರುಗು ಇದು.

ಇನ್ನೊಂದು ಉದಾಹರಣೆ ಯೂದ. ಮೂಲದಲ್ಲಿ ದೇವರ ಸ್ತುತಿಗೆ ಸಂಬಂಧಿಸಿದ ಚೆಂದದ ಹೆಸರು. ಹನ್ನೆರಡು ಮಂದಿ ಶಿಷ್ಯರಲ್ಲಿ ಇಬ್ಬರಿಗೆ ಆ ಹೆಸರಿತ್ತು. ಒಬ್ಬ ಗುರುವನ್ನು ಹಿಡಿದುಕೊಟ್ಟ. ಇನ್ನೊಬ್ಬ ಯೂದ ತದ್ದಾಯ, ದಾರಿ ಕಾಣದ ಸಂಕಷ್ಟದಲ್ಲಿ ಜನ ಮೊರೆಹೋಗುವ ಸಂತ ಜೂಡ್. ಯೋಹಾನ ತನ್ನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಈ ಎರಡನೆಯವನ ಮಾತನ್ನು ಬರೆಯುವಾಗ, ‘ಇಸ್ಕರಿಯೋತನಲ್ಲ’ ಎಂದು ಎಚ್ಚರಿಕೆಯಿಂದ ಸೇರಿಸುತ್ತಾನೆ. ಆ ಒಂದು ಪದ ಓದುವಾಗಲೆಲ್ಲ ನನಗೆ ತದ್ದಾಯನ ಮೇಲೆ ಕನಿಕರ ಬರುತ್ತದೆ.

ಹಾಗಾದರೆ ಹೆಸರು ಹಣೆಬರಹವನ್ನು ನಿರ್ಧರಿಸುವುದಿಲ್ಲವೇ?

ಇಲ್ಲ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹಳೆಯ ಒಡಂಬಡಿಕೆಯ ಮೊದಲನೇ ಪೂರ್ವಕಾಲವೃತ್ತಾಂತದ 4ನೇ ಅಧ್ಯಾಯದಲ್ಲಿ ಹೆಸರುಗಳ ಉದ್ದನೆಯ ಪಟ್ಟಿಯ ನಡುವೆ ಯಾಬೇಚ ಎಂಬವನ ಎರಡು ವಚನಗಳ ಕಥೆ ಬರುತ್ತದೆ. ಹೆರುವಾಗ ನೋವುಂಡ ತಾಯಿ ಮಗನಿಗೆ ನೋವನ್ನೇ ಸೂಚಿಸುವ ಹೆಸರಿಟ್ಟಳು. ಅವನು ದೊಡ್ಡವನಾಗಿ, ನೋವು ನನ್ನನ್ನು ಮುಟ್ಟದಿರಲಿ ಎಂದು ದೇವರನ್ನು ಬೇಡಿಕೊಂಡ, ದೇವರು ಕೊಟ್ಟ. ಹೆಸರು ಬದಲಾಯಿಸಿಕೊಂಡ ಎಂದು ಎಲ್ಲಿಯೂ ಇಲ್ಲ. ಅದೇ ಹೆಸರಿನಲ್ಲೇ ಪ್ರಾರ್ಥಿಸಿದ.

ಆದಿಕಾಂಡದ 35ನೇ ಅಧ್ಯಾಯದಲ್ಲಿ ರಾಹೇಲಳು ಸಾಯುವ ಮುಂಚೆ ಕೂಸಿಗೆ ಬೆನೋನಿ, ಅಂದರೆ ನನ್ನ ದುಃಖದ ಮಗ, ಎಂದು ಹೆಸರಿಡುತ್ತಾಳೆ. ತಂದೆ ಯಾಕೋಬ ಅದನ್ನು ಉಳಿಸಿಕೊಳ್ಳುವುದಿಲ್ಲ. ಬೆನ್ಯಾಮೀನ ಎನ್ನುತ್ತಾನೆ, ಬಲಗೈಯ ಮಗ. ಹೆಂಡತಿಯನ್ನು ಕಳೆದುಕೊಂಡ ಗಂಡಸು ತಾಯಿಯ ಸಾವಿನ ಭಾರವನ್ನು ಜೀವಮಾನವಿಡೀ ಮಗನ ತಲೆಯ ಮೇಲೆ ಹೊರಿಸಲು ಒಪ್ಪಲಿಲ್ಲ. ಹೆಸರಿಡುವವರ ಜವಾಬ್ದಾರಿ ಏನೆಂದು ಯಾರಾದರೂ ಕೇಳಿದರೆ ನಾನು ಈ ಪುಟ ತೆರೆದುಕೊಡುತ್ತೇನೆ.

ಜಾತಕದ ನಾಮಾಕ್ಷರ, ಸಂಖ್ಯಾಶಾಸ್ತ್ರ ನೋಡಿ ಹೆಸರಿಡಬಹುದೇ?

ಅಕ್ಷರ ಚೆಂದವಿದೆ ಎಂದು ಆರಿಸಿದರೆ ಯಾರ ತಕರಾರೂ ಇಲ್ಲ. ಭವಿಷ್ಯ ಸುಧಾರಿಸುತ್ತದೆ ಎಂಬ ನಂಬಿಕೆಯಿಂದ ಹೆಸರಿಗೆ ಒಂದು ‘ಎ’ ಜಾಸ್ತಿ ಸೇರಿಸುವುದು ಬೇರೆ ಮಾತು. ಕಥೋಲಿಕ ಬೋಧನೆ ಭವಿಷ್ಯ ನೋಡುವ ಪದ್ಧತಿಗಳನ್ನು ಸ್ಪಷ್ಟವಾಗಿ ನಿರಾಕರಿಸುತ್ತದೆ. ಆ ಜಾಸ್ತಿ ‘ಎ’ ಮುಂದೆ ಪಾಸ್‌ಪೋರ್ಟಿನ ಹೊತ್ತಿಗೆ ಮಾಡುವ ತೊಂದರೆಯನ್ನು ಮಾತ್ರ ಖಚಿತವಾಗಿ ಭವಿಷ್ಯ ನುಡಿಯಬಹುದು.

ಸಂತರ ಹೆಸರೇ ಇಡಬೇಕೆಂಬ ನಿಯಮ ಇದೆಯೇ?

ಈಗ ಇಲ್ಲ. 1917ರ ಕಥೋಲಿಕ ಧರ್ಮಸಭೆಯ ಕಾನೂನಿನ ಪ್ರಕಾರ ಮಗುವಿಗೆ ಕ್ರೈಸ್ತ ಹೆಸರು ಸಿಗುವಂತೆ ಗುರುಗಳು ನೋಡಿಕೊಳ್ಳಬೇಕಿತ್ತು. ತಂದೆತಾಯಿ ಕೇಳದಿದ್ದರೆ ಅವರು ಇಟ್ಟ ಹೆಸರಿನ ಜೊತೆಗೆ ಒಬ್ಬ ಸಂತರ ಹೆಸರನ್ನು ಸೇರಿಸಿ ಎರಡನ್ನೂ ಪುಸ್ತಕದಲ್ಲಿ ಬರೆಯಬೇಕಿತ್ತು. ನಮ್ಮ ಹಿರಿಯರಲ್ಲಿ ಯಾರೂ ಬಳಸದ ಒಂದು ಹೆಸರು ದೀಕ್ಷಾಸ್ನಾನದ ದಾಖಲೆಯಲ್ಲಿ ಇದ್ದರೆ ಇದೂ ಒಂದು ಕಾರಣ ಇರಬಹುದು. 1983ರ ಕಾನೂನು, 855ನೇ ವಿಧಿಯಲ್ಲಿ, ಅಷ್ಟು ಬಿಗಿಯಿಲ್ಲ. ಕ್ರೈಸ್ತ ಭಾವನೆಗೆ ಒಗ್ಗದ ಹೆಸರು ಆಗದಂತೆ ತಂದೆತಾಯಿ, ಜ್ಞಾನ ತಂದೆತಾಯಿ ಮತ್ತು ಗುರುಗಳು ನೋಡಿಕೊಳ್ಳಬೇಕು ಎನ್ನುತ್ತದೆ, ಅಷ್ಟೇ.

ನಿಯಮ ಸಡಿಲವಾಯಿತೆಂದು ರೂಢಿಯನ್ನು ತಳ್ಳಿಹಾಕಬೇಕಾಗಿಲ್ಲ. ಸಂತರ ಹೆಸರು ಮಗುವಿಗೆ ಒಂದು ಕಥೆಯನ್ನು ಜೊತೆಗೆ ಕೊಡುತ್ತದೆ. ಕಾರ್ಕಳದ ಸುತ್ತಮುತ್ತ ಲಾರೆನ್ಸ್ ಎಂಬ ಹೆಸರಿಗೆ ಬರವಿಲ್ಲ, ಅತ್ತೂರಿನ ಸಂತ ಲಾರೆನ್ಸರ ಬಸಿಲಿಕ ಅಲ್ಲೇ ಇದೆ. ಜನವರಿಯ ಜಾತ್ರೆಗೆ ಎಲ್ಲ ಧರ್ಮದವರೂ ಮೇಣದಬತ್ತಿ ಹಿಡಿದು ಬರುತ್ತಾರೆ. ಲಾರೆನ್ಸ್ 258ರಲ್ಲಿ ರೋಮಿನಲ್ಲಿ ಹುತಾತ್ಮನಾದ ಧರ್ಮಸೇವಕ. ಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದಾಗ ಅವನು ಬಡವರನ್ನು, ಕುಂಟರನ್ನು ಕರೆತಂದು ಇವರೇ ನಮ್ಮ ಸಂಪತ್ತು ಎಂದನೆಂದು ಪರಂಪರೆ ಹೇಳುತ್ತದೆ. ಆ ಹೆಸರಿನ ಹುಡುಗ ಅಪ್ಪನ ಹೆಗಲ ಮೇಲೆ ಕುಳಿತು ಜಾತ್ರೆಯ ಗದ್ದಲದಲ್ಲಿ, “ಇವರ ಹೆಸರೂ ನನ್ನದೇ” ಎಂದು ಕೂಗಿದ್ದನ್ನು ಕೇಳಿದ್ದೇನೆ. ಸಂತರ ಹೆಸರನ್ನು ತಾನು ಪಡೆದದ್ದಲ್ಲ, ತನ್ನ ಹೆಸರನ್ನೇ ಸಂತರು ಪಡೆದಿದ್ದಾರೆ ಎಂಬ ಧಾಟಿಯಲ್ಲಿ!

ಸಂತರ ಹೆಸರುಗಳೆಲ್ಲ ಹುಟ್ಟಿನಿಂದಲೇ ‘ಕ್ರೈಸ್ತ’ ಆಗಿದ್ದವೇ?

ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು ಎಂದು ನಾನೇ ಸೇರಿಸಿದ್ದೇನೆ. ನಮ್ಮ ಅಜ್ಜಂದಿರ ಕಾಲದಲ್ಲಿ ಇಸಿದೋರ್ ಎಂಬ ಹೆಸರು ಸಾಕಷ್ಟಿತ್ತು. ರೈತರ ಪಾಲಕ ಸಂತರ ಹೆಸರು. ಅದರ ಮೂಲಾರ್ಥ ‘ಐಸಿಸ್ ಕೊಟ್ಟ ಕೊಡುಗೆ’. ಐಸಿಸ್ ಈಜಿಪ್ಟಿನ ದೇವತೆ. ಮಾರ್ಟಿನ್ ಎಂಬುದು ರೋಮನ್ನರ ಯುದ್ಧದೇವತೆ ಮಾರ್ಸ್‌ನಿಂದ, ಡೆನಿಸ್ ಎಂಬುದು ಗ್ರೀಕರ ಡಯೊನಿಸಸ್‌ನಿಂದ ಬಂದದ್ದು. ಪೌಲನು ರೋಮಿನವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಹೊಗಳುವ ಫೊಯಿಬೆ, ನಮಸ್ಕಾರ ತಿಳಿಸುವ ಹೆರ್ಮೆ ಇಬ್ಬರದೂ ಗ್ರೀಕ್ ಪುರಾಣದ ಹೆಸರುಗಳೇ. ಹೆಸರು ಬದಲಾಯಿಸಿಕೊಂಡು ಬನ್ನಿ ಎಂದು ಪೌಲ ಅವರಿಗೆ ಹೇಳಲಿಲ್ಲ. ಅವರು ಬದುಕಿದ ರೀತಿಯಿಂದ ಆ ಹೆಸರುಗಳು ನಮ್ಮವಾದವು.

ಅಂದರೆ ಭಾರತೀಯ ಹೆಸರು ಇಡಬಹುದೇ? ಅಜ್ಜಿ ಒಪ್ಪುತ್ತಿಲ್ಲ.

ಧಾರಾಳವಾಗಿ ಇಡಬಹುದು. ಅಜ್ಜಿಗೆ ದೇವಸಹಾಯಂ ಅವರ ಕಥೆ ಹೇಳಿ. ತಿರುವಾಂಕೂರು ಸಂಸ್ಥಾನದ ನೀಲಕಂಠ ಪಿಳ್ಳೆ 1745ರಲ್ಲಿ ದೀಕ್ಷಾಸ್ನಾನ ಪಡೆದಾಗ ಅವರಿಗೆ ಸಿಕ್ಕಿದ ಹೆಸರು ಲಾಜರ. ಹೀಬ್ರೂ ಮೂಲದಲ್ಲಿ ಅದಕ್ಕೆ ದೇವರು ಸಹಾಯ ಮಾಡಿದ್ದಾನೆ ಎಂಬ ಅರ್ಥ. ಅದನ್ನು ಅಲ್ಲಿನ ಮಾತಿಗೆ ತಿರುಗಿಸಿ ದೇವಸಹಾಯಂ ಎಂದರು. 2022ರ ಮೇ 15ರಂದು ರೋಮಿನಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗ ಉಚ್ಚರಿಸಿದ್ದು ಈ ಹೆಸರನ್ನೇ. ಹಾಗಾಗಿ ಈಗ ಅದು ಸಂತರ ಹೆಸರೂ ಹೌದು, ಅಜ್ಜಿಯ ಆಕ್ಷೇಪಕ್ಕೆ ಅವಕಾಶವಿಲ್ಲ.

ನಮ್ಮ ಮಂಗಳೂರಿನಲ್ಲೂ ಉದಾಹರಣೆ ಇದೆ. ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯವರು ಇಲ್ಲಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷಗಳ ನಂತರ, 1844ರಲ್ಲಿ, ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣ ದೀಕ್ಷಾಸ್ನಾನ ಪಡೆದರು. ಮುಂದೆ ಅವರು ಹೆರ್ಮನ್ ಆನಂದರಾವ್ ಕೌಂಡಿನ್ಯ ಎಂದು ಪ್ರಸಿದ್ಧರಾದರು. ಹೆರ್ಮನ್ ಎಂಬುದು ‘ಮಂಗಳೂರ ಸಮಾಚಾರ’ ಪತ್ರಿಕೆ ನಡೆಸಿದ ಹೆರ್ಮನ್ ಮೋಗ್ಲಿಂಗರ ಹೆಸರೂ ಹೌದು. ಹೊಸದು ಮುಂದೆ ಸೇರಿತು, ಹಳೆಯದು ಅಳಿಯಲಿಲ್ಲ, ಗೋತ್ರದ ಹೆಸರೂ ಕೊನೆಯಲ್ಲಿ ಹಾಗೆಯೇ ಉಳಿಯಿತು.

ಉಡುಪಿಯ ಮಿಷನ್ ಕಂಪೌಂಡಿನ ಕಡೆಯ ಪ್ರೊಟೆಸ್ಟೆಂಟ್ ಮನೆಗಳಲ್ಲಿ ಸಂತೋಷ, ಆನಂದ, ಕರುಣಾಕರ, ಶಾಂತಿ, ಸಹನಾ ಇಂಥ ಹೆಸರುಗಳು ಹೊಸತೇನಲ್ಲ. ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪವಿತ್ರಾತ್ಮನ ಫಲಗಳ ಪಟ್ಟಿ ಓದಿ: ಪ್ರೀತಿ, ಸಂತೋಷ, ಶಾಂತಿ ಎಂದೇ ಶುರುವಾಗುತ್ತದೆ. ಒಂದು ಮನೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಹಾಗಿದೆ. ಲ್ಯಾಟಿನಿನಲ್ಲಿ ಗ್ರಾತ್ಸಿಯ ಎಂದರೆ ಪವಿತ್ರ, ಅದನ್ನೇ ಕನ್ನಡದಲ್ಲಿ ಕೃಪಾ ಎಂದರೆ ಸಪ್ಪೆ ಎಂಬ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅಜ್ಜನ ಹೆಸರೇ ಇಡಬೇಕೆಂದು ಮನೆಯಲ್ಲಿ ಹಠ. ಏನು ಮಾಡುವುದು?

ಈ ಜಗಳ ಸುವಾರ್ತೆಯಷ್ಟೇ ಹಳೆಯದು. ಲೂಕನ 1ನೇ ಅಧ್ಯಾಯ ತೆಗೆಯಿರಿ. ಎಲಿಸಬೇತಳಿಗೆ ಗಂಡುಮಗುವಾಗಿದೆ, ಎಂಟನೆಯ ದಿನ ನೆಂಟರಿಷ್ಟರೆಲ್ಲ ಸೇರಿ ಅಪ್ಪನ ಹೆಸರನ್ನೇ ಇಡಲು ಹೊರಟಿದ್ದಾರೆ. ತಾಯಿ, ಕೂಡದು, ಯೋಹಾನನೆಂದು ಹೆಸರಿಡಬೇಕು ಎನ್ನುತ್ತಾಳೆ. ನಿಮ್ಮ ಬಂಧುಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂದು ಅವರ ಆಕ್ಷೇಪ. ಅವಳನ್ನು ಬಿಟ್ಟು ಮಾತು ಬಾರದ ಜಕರೀಯನನ್ನು ಸನ್ನೆಯಿಂದ ಕೇಳುತ್ತಾರೆ. ಅವನು ಹಲಗೆ ತರಿಸಿ, ಇವನ ಹೆಸರು ಯೋಹಾನ ಎಂದು ಬರೆದ ಮೇಲೆಯೇ ಗದ್ದಲ ನಿಂತದ್ದು. ಹೆತ್ತವಳು ಬಾಯಿಬಿಟ್ಟು ಹೇಳಿದ್ದು ಸಾಲದೆ ಗಂಡನ ಬರಹ ಬೇಕಾಯಿತು ನೋಡಿ.

ನಮ್ಮ ಕೊಂಕಣಿ ಕಥೋಲಿಕ ಮನೆಗಳಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಆಮೇಲಿನವನಿಗೆ ಅಮ್ಮನ ಅಪ್ಪನ ಹೆಸರು ಎಂಬ ರೂಢಿ ಹಿಂದೆ ಗಟ್ಟಿಯಾಗಿತ್ತು. ಅದರಲ್ಲಿ ಒಂದು ಸೊಗಸೂ ಇತ್ತು: ಹಿರಿಯರು ತೀರಿಕೊಂಡ ಮೇಲೂ ಅಂಗಳದಲ್ಲಿ ಅವರ ಹೆಸರನ್ನು ಯಾರೋ ಕರೆಯುತ್ತಿದ್ದರು. ತೊಂದರೆ ಏನೆಂದರೆ, ನಾಲ್ವರು ಅಣ್ಣತಮ್ಮಂದಿರ ಮನೆಗಳಲ್ಲಿ ಒಂದೇ ಹೆಸರಿನ ನಾಲ್ಕು ಹುಡುಗರಾಗಿ, ಕೊನೆಗೆ ದೊಡ್ಡವ, ಸಣ್ಣವ, ಕಪ್ಪವ ಎಂಬ ಅಡ್ಡಹೆಸರುಗಳೇ ಉಳಿಯುತ್ತಿದ್ದವು.

ನನ್ನ ಸಲಹೆ ಸರಳ. ಅಜ್ಜನ ಹೆಸರನ್ನು ಎರಡನೆಯ ಹೆಸರಾಗಿ ಇಡಿ. ದೀಕ್ಷಾಸ್ನಾನದ ಹೊತ್ತಿನಲ್ಲಿ ಎರಡನ್ನೂ ಹೇಳಲು ಗುರುಗಳಲ್ಲಿ ಮೊದಲೇ ವಿನಂತಿಸಿ. ಅಜ್ಜನಿಗೆ ಬೇಕಾದದ್ದು ಹೆಚ್ಚಿನಂಶ ತನ್ನ ಹೆಸರು ಒಮ್ಮೆ ಇಗರ್ಜಿಯಲ್ಲಿ ಗಟ್ಟಿಯಾಗಿ ಕೇಳಿಸುವುದು, ಅಷ್ಟೇ.

ಮನೆಯಲ್ಲಿ ಕರೆಯುವ ಹೆಸರು ಬೇರೆ, ದಾಖಲೆಯ ಹೆಸರು ಬೇರೆ. ದೇವರ ಮುಂದೆ ಯಾವುದು ನಿಜ?

ಒಂದು ಹಳೆಯ ದೀಕ್ಷಾಸ್ನಾನದ ಪುಸ್ತಕವನ್ನು ಒಮ್ಮೆ ತೆರೆದು ನೋಡುವ ಅವಕಾಶ ಸಿಕ್ಕಿತ್ತು. ಮೊಳದುದ್ದದ ಪುಸ್ತಕ, ಅಂಚು ಹುಳ ತಿಂದು ಜಾಲರಿಯಾಗಿತ್ತು, ಶಾಯಿ ಕಂದಾಗಿತ್ತು. ಹೆಸರುಗಳೆಲ್ಲ ಲ್ಯಾಟಿನ್ ರೂಪದಲ್ಲಿ: ಯೊಆನ್ನೆಸ್, ಪೆತ್ರುಸ್, ಸೆಬಾಸ್ತಿಯಾನುಸ್. ಆ ಯೊಆನ್ನೆಸ್‌ನನ್ನು ಅವನ ಜನ್ಮದಲ್ಲಿ ಯಾರಾದರೂ ಹಾಗೆ ಕರೆದಿದ್ದಾರೆಯೇ? ಮನೆಯಲ್ಲಿ ಅವನು ಜುವಾಂವ್. ಪೆತ್ರುಸ್ ಪೆದ್ರು, ಸೆಬಾಸ್ತಿಯಾನುಸ್ ಬಸ್ತ್ಯಾಂವ್, ಇಸಬೆಲ್ಲ ಝಬೆಲ್. ಬೆಳ್ತಂಗಡಿ ಕಡೆಯ ಮಲಯಾಳಿ ಸಿರಿಯನ್ ಮನೆಗಳಿಗೆ ಹೋದರೆ ಯಾಕೋಬ ಚಾಕೋ ಆಗಿರುತ್ತಾನೆ, ಜಾರ್ಜ್ ವರ್ಗೀಸ್ ಆಗಿರುತ್ತಾನೆ.

ನನಗೆ ಗೊತ್ತಿದ್ದ ಒಬ್ಬ ಅಜ್ಜಿ ಕೊನೆಯ ಎರಡು ವರ್ಷ ಮರೆವಿನ ಕಾಯಿಲೆಯಲ್ಲಿದ್ದರು. ಮಕ್ಕಳ ಗುರುತು ಹತ್ತುತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿದ್ದ ಉದ್ದ ಹೆಸರನ್ನು ದಾದಿಯೊಬ್ಬರು ಎಷ್ಟು ಕರೆದರೂ ಕಣ್ಣು ತೆರೆಯುತ್ತಿರಲಿಲ್ಲ. ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ತರುವ ಗುರುಗಳಿಗೆ ಮಗಳು ಆ ವಿಷಯ ಹೇಳಿದ್ದರು. ಅವರು ಹಾಸಿಗೆಯ ಹತ್ತಿರ ಬಗ್ಗಿ “ಝಬೆಲ್ ಬಾಯ್” ಎಂದರೆ, ಅಜ್ಜಿ “ಆಂ” ಎಂದು ಓಗೊಡುತ್ತಿದ್ದರು. ಯಾವುದು ನಿಜವಾದ ಹೆಸರು ಎಂಬ ಪ್ರಶ್ನೆಗೆ ನನ್ನಲ್ಲಿ ಇದಕ್ಕಿಂತ ಬೇರೆ ಉತ್ತರವಿಲ್ಲ.

ಬೈಬಲಿನಲ್ಲಿ ದೇವರು ಕೆಲವರ ಹೆಸರನ್ನು ಬದಲಾಯಿಸಿದ್ದು ಏಕೆ?

ಕೆಲಸ ಬದಲಾದಾಗ ಕರೆಯೂ ಬದಲಾಯಿತು. ಅಬ್ರಾಮ ಅಬ್ರಹಾಮನಾದದ್ದು ಅನೇಕ ಜನಾಂಗಗಳ ತಂದೆಯಾಗುವ ಮಾತು ಸಿಕ್ಕಿದಾಗ. ಆಗ ಅವನಿಗೆ 99 ವರ್ಷ, ಸಾರಳಲ್ಲಿ ಮಕ್ಕಳಾಗಿರಲಿಲ್ಲ. ಅಕ್ಕಪಕ್ಕದವರು ಆ ಹೊಸ ಹೆಸರನ್ನು ಕೇಳಿ ಬೆನ್ನ ಹಿಂದೆ ನಕ್ಕಿರಬೇಕು. ಯಾಕೋಬ ರಾತ್ರಿಯೆಲ್ಲ ಸೆಣಸಾಡಿ ಇಸ್ರಾಯೇಲನಾದ, ಜೊತೆಗೆ ಕುಂಟನೂ ಆದ. ಸೀಮೋನನಿಗೆ ಯೇಸು ಬಂಡೆ ಎಂಬ ಹೆಸರಿಟ್ಟ: ಅರಮಾಯಿಕ್‌ನಲ್ಲಿ ಕೇಫ, ಗ್ರೀಕಿನಲ್ಲಿ ಪೇತ್ರ. ಆ ಬಂಡೆ ಕೋಳಿ ಕೂಗುವ ಮೊದಲೇ ಮೂರು ಬಾರಿ ಬಿರುಕು ಬಿಟ್ಟಿತು. ಆದರೂ ಯೇಸು ಕೊಟ್ಟ ಹೆಸರನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಸೌಲ ಮನಪರಿವರ್ತನೆಯಾದ ಕೂಡಲೇ ಪೌಲನಾದ ಎಂದು ದೊತೋರ್ನ್, ಅಂದರೆ ಧರ್ಮೋಪದೇಶದ, ತರಗತಿಯಲ್ಲಿ ನಾವೆಲ್ಲ ಕಲಿತಿದ್ದೇವೆ. ಅದು ಸರಿಯಲ್ಲ. ದಮಸ್ಕದ ದಾರಿಯಲ್ಲಿ ಯೇಸು ಕರೆದದ್ದು “ಸೌಲನೇ, ಸೌಲನೇ” ಎಂದೇ. ಪ್ರೇಷಿತರ ಕಾರ್ಯಕಲಾಪಗಳ 13ನೇ ಅಧ್ಯಾಯದವರೆಗೂ ಅವನು ಸೌಲನೇ. ಅಲ್ಲಿಯೂ, ಪೌಲನೆಂತಲೂ ಕರೆಯಲ್ಪಡುವ ಸೌಲ ಎಂದಿದೆ. ಒಂದು ಯೆಹೂದ್ಯ ಹೆಸರು, ಒಂದು ರೋಮನ್ ಹೆಸರು. ನಮ್ಮ ಪೆದ್ರು ಮುಂಬಯಿಯ ಕಚೇರಿಯಲ್ಲಿ ಪೀಟರ್ ಆದ ಹಾಗೆ.

ಹೆಸರು ಬದಲಾಯಿಸುವುದೆಲ್ಲ ಆಶೀರ್ವಾದವೇ ಎಂದೂ ತಿಳಿಯಬೇಡಿ. ದಾನಿಯೇಲ ಮತ್ತು ಅವನ ಮೂವರು ಗೆಳೆಯರಿಗೆ ಬಾಬಿಲೋನಿನ ಅರಮನೆಯವರು ಬೇರೆ ಹೆಸರಿಟ್ಟದ್ದು ಅವರನ್ನು ತಮ್ಮವರನ್ನಾಗಿ ಮಾಡಿಕೊಳ್ಳುವುದಕ್ಕೆ. ಕರೆಯುವವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪೋಪರು, ಸಿಸ್ಟರುಗಳು ಹೊಸ ಹೆಸರು ತೆಗೆದುಕೊಳ್ಳುವುದೂ ಇದೇ ಕಾರಣಕ್ಕೇ?

ಮೂಲದಲ್ಲಿ ಹೌದು. 533ರಲ್ಲಿ ಪೋಪ್ ಆಗಿ ಆರಿಸಿಬಂದವರ ಹೆಸರು ಮರ್ಕ್ಯುರಿಯಸ್. ರೋಮನ್ ದೇವತೆಯ ಹೆಸರು ಆ ಪೀಠಕ್ಕೆ ಹೊಂದುವುದಿಲ್ಲವೆಂದು ಎರಡನೇ ಜಾನ್ ಎಂದು ಕರೆಸಿಕೊಂಡರು. 2025ರ ಮೇ ತಿಂಗಳಲ್ಲಿ ಬಂದ ಹದಿನಾಲ್ಕನೇ ಲಿಯೋ ತಮ್ಮ ಹೆಸರಿಗೆ ಹದಿಮೂರನೇ ಲಿಯೋ ಅವರನ್ನು ನೆನೆದರು. 1886ರಲ್ಲಿ ಮಂಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಪೋಪ್ ಆಗಿದ್ದವರು ಅವರೇ. ಸಿಸ್ಟರುಗಳಲ್ಲಿ ಹಿಂದೆ ಹೊಸ ಹೆಸರು ಸಾಮಾನ್ಯವಾಗಿತ್ತು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಅನೇಕರು ದೀಕ್ಷಾಸ್ನಾನದ ಹೆಸರಿನಲ್ಲೇ ಇದ್ದಾರೆ. ದೃಢೀಕರಣ ಸಂಸ್ಕಾರದಲ್ಲಿ ಹೊಸ ಹೆಸರು ಕಡ್ಡಾಯವಲ್ಲ.

ಲೋಬೊ, ಪಿಂಟೊ, ಕುವೆಲ್ಲೊಗಳಿಗೆ ಆಧ್ಯಾತ್ಮಿಕ ಅರ್ಥ ಇದೆಯೇ?

ಪೋರ್ಚುಗೀಸಿನಲ್ಲಿ ಲೋಬೊ ಎಂದರೆ ತೋಳ, ಕುವೆಲ್ಲೊ ಎಂದರೆ ಮೊಲ, ಪಿಂಟೊ ಎಂದರೆ ಕೋಳಿಮರಿ, ಪಿರೇರಾ ಎಂದರೆ ಪೇರ್ ಹಣ್ಣಿನ ಮರ. ಆಧ್ಯಾತ್ಮಿಕ ಅರ್ಥಕ್ಕಿಂತ ಇಸೋಪನ ಕಥೆಗೆ ಹತ್ತಿರ. ಗೋವೆಯಲ್ಲಿ ದೀಕ್ಷಾಸ್ನಾನವಾದಾಗ ಬಂದ ಹೆಸರುಗಳಿವು, ವಲಸೆಯ ಜೊತೆಗೆ ಕೆನರಾಕ್ಕೆ ನಡೆದು ಬಂದವು. ಕೆಲವು ಮನೆಯವರು ಅದಕ್ಕೂ ಹಿಂದಿನ ಪ್ರಭು, ಕಾಮತ್, ಶೆಣೈ ಎಂಬ ಪೈಕಿಯನ್ನು, ಅಂದರೆ ಮೂಲ ಮನೆತನದ ಹೆಸರನ್ನು, ಇನ್ನೂ ನೆನಪಿಟ್ಟುಕೊಂಡಿದ್ದಾರೆ.

ಅಪ್ಪ ಅಮ್ಮನ ಹೆಸರು ಜೋಡಿಸಿ ಹೊಸ ಹೆಸರು ಕಟ್ಟಿದರೆ?

ನಮ್ಮ ಕರಾವಳಿಯವರು ಇದರಲ್ಲಿ ಪಳಗಿದವರು. ಅಪ್ಪನ ಮೊದಲ ಅಕ್ಷರ, ಅಮ್ಮನ ಕೊನೆಯ ಅಕ್ಷರ, ನಡುವೆ ಒಂದು ‘ವಿ’, ತುದಿಗೆ ಒಂದು ‘ಟನ್’. ಅಣ್ಣತಮ್ಮಂದಿರು ಮೆಲ್ವಿನ್, ಎಲ್ವಿನ್, ಕೆಲ್ವಿನ್ ಎಂದು ಪ್ರಾಸಕ್ಕೆ ಸರಿಯಾಗಿ ಹುಟ್ಟುತ್ತಾರೆ. ಇದರಲ್ಲಿ ಪಾಪವೇನೂ ಇಲ್ಲ, ಅಪ್ಪ ಅಮ್ಮನ ಪ್ರೀತಿ ಇದೆ. ಒಂದು ದೀಕ್ಷಾಸ್ನಾನದಲ್ಲಿ ಗುರುಗಳು ಹೆಸರು ಕೇಳಿದಾಗ ಅಪ್ಪ ಮೊಬೈಲ್ ತೆರೆದು ನೋಡಿ ಓದಿದ. ಗುರುಗಳು ಕಿವಿ ಹತ್ತಿರ ತಂದು ಎರಡನೇ ಬಾರಿ ಕೇಳಿದರು. ಮೂರನೇ ಬಾರಿಗೆ ಮೊಬೈಲನ್ನೇ ಇಸಿದುಕೊಂಡು ನೀರು ಸುರಿದರು. ಜ್ಞಾನ ತಾಯಿಯಾಗಿ ನಿಂತಿದ್ದ ಅತ್ತೆ, “ನಮಗೆ ಬೇಬಿ ಸಾಕು” ಎಂದು ಪಿಸುಗುಟ್ಟಿದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು. ಅಪ್ಪನಿಗೇ ಬಾಯಿಪಾಠ ಬಾರದ ಹೆಸರನ್ನು ಕೈಬಿಡುವುದು ಒಳ್ಳೆಯದು.

ಯೇಸುವಿನ ಹೆಸರನ್ನೇ ಮಗುವಿಗೆ ಇಡಬಹುದೇ?

ಸ್ಪೇನ್, ಮೆಕ್ಸಿಕೊಗಳಲ್ಲಿ ಇಡುತ್ತಾರೆ. ನಮ್ಮಲ್ಲಿ ನಾಲಿಗೆ ಏಳುವುದಿಲ್ಲ. ಯೇಸುದಾಸ, ಯೇಸುಪ್ರಸಾದ ಎನ್ನುತ್ತೇವೆ, ರಕ್ಷಕ ಎಂಬರ್ಥದ ಸಾಲ್ವದೋರ್ ಎನ್ನುತ್ತೇವೆ. ಯೇಸು ಎಂಬುದು ಅವನ ಕಾಲದಲ್ಲಿ ಸಾಮಾನ್ಯ ಹೆಸರೇ ಆಗಿತ್ತು, ಹಳೆಯ ಒಡಂಬಡಿಕೆಯ ಯೆಹೋಶುವನ ಹೆಸರಿನದೇ ರೂಪ. ‘ಯೆಹೋವನು ರಕ್ಷಿಸುತ್ತಾನೆ’ ಎಂದರ್ಥ. ಆ ಹೆಸರಿನವರು ಊರೂರಿಗೆ ಇದ್ದುದರಿಂದಲೇ ಗುರುತಿಗೆ ‘ನಜರೇತಿನ’ ಎಂದು ಸೇರಿಸಬೇಕಾಗುತ್ತಿತ್ತು.

ದೀಕ್ಷಾಸ್ನಾನದ ಪತ್ರವೂ ಜನನ ಪ್ರಮಾಣಪತ್ರವೂ ಒಂದೇ ಹೆಸರಿನಲ್ಲಿ ಇರಬೇಕೇ?

ಇದ್ದರೆ ಮದುವೆಯ ಹೊತ್ತಿಗೆ ನಿಮ್ಮ ಮಗು ನಿಮ್ಮನ್ನು ಹರಸುತ್ತದೆ. ಜನನ ನೋಂದಣಿಯಾಗಿ ಹೆಸರು ಖಾಲಿ ಬಿಟ್ಟಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶವಿದೆ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆಗೂ ಬೇರೆ ಕೆಲಸಗಳಿಗೂ ಹುಟ್ಟಿನ ಆಧಾರ ಜನನ ಪ್ರಮಾಣಪತ್ರವೇ. ಡಿಸೋಜ, ಡಿಸೋಜಾ, ಡಿಸೌಜ, ದಿಸೋಜ ಇವುಗಳಲ್ಲಿ ಒಂದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ನನ್ನ ಹೆಸರು ಮೂರು ಕಾಗದಗಳಲ್ಲಿ ಮೂರು ತರ ಇದ್ದು, ಒಂದು ಕಚೇರಿಯಲ್ಲಿ ಈ ಮೂವರೂ ನಾನೇ ಎಂದು ಅಫಿಡವಿಟ್ ಬರೆದುಕೊಡಬೇಕಾಯಿತು. ಪಿತ, ಸುತ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿತ್ವದ ಬಗ್ಗೆ ಪಾಠ ಹೇಳುವವನಿಗೆ ತಕ್ಕ ಶಿಕ್ಷೆ ಎಂದು ಹೆಂಡತಿ ನಕ್ಕಳು.

ಹುಟ್ಟುವ ಮೊದಲೇ ನಮ್ಮ ಮಗು ಹೋಯಿತು. ಹೆಸರಿಡಬಹುದೇ?

ಇಡಬಹುದು. ದಯವಿಟ್ಟು ಇಡಿ. ಇದನ್ನು ಚಹಾದ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಎಲ್ಲರೂ ಹೋದ ಮೇಲೆ ಚಪ್ಪಲಿ ಹುಡುಕುವ ನೆಪದಲ್ಲಿ ಒಬ್ಬರು ಹಿಂದೆ ಉಳಿಯುತ್ತಾರೆ. ಯೆಶಾಯನ 49ನೇ ಅಧ್ಯಾಯದಲ್ಲಿ ಪ್ರವಾದಿ, ತಾಯಿಯ ಹೊಟ್ಟೆಯಲ್ಲಿರುವಾಗಲೇ ದೇವರು ನನ್ನ ಹೆಸರು ಹೇಳಿದನು ಎನ್ನುತ್ತಾನೆ. ಅದೇ ಅಧ್ಯಾಯದಲ್ಲಿ, ನನ್ನ ಅಂಗೈಗಳಲ್ಲಿ ನಿನ್ನನ್ನು ಕೆತ್ತಿಕೊಂಡಿದ್ದೇನೆ ಎಂಬ ಮಾತೂ ಬರುತ್ತದೆ. ದೀಕ್ಷಾಸ್ನಾನವಿಲ್ಲದೆ ತೀರಿಕೊಂಡ ಮಕ್ಕಳನ್ನು ಸಭೆ ದೇವರ ಕರುಣೆಗೆ ಒಪ್ಪಿಸಿ ಪ್ರಾರ್ಥಿಸುತ್ತದೆ. ನವೆಂಬರ್ 2ರಂದು ಮೃತರ ಹೆಸರುಗಳನ್ನು ಬರೆದುಕೊಡುವ ಚೀಟಿಯಲ್ಲಿ ಆ ಹೆಸರನ್ನೂ ಬರೆಯಿರಿ. ವಯಸ್ಸು ಬರೆಯಬೇಕಾಗಿಲ್ಲ, ಯಾರೂ ಕೇಳುವುದಿಲ್ಲ.

ಸ್ವರ್ಗದಲ್ಲಿ ಹೊಸ ಹೆಸರು ಸಿಗುತ್ತದೆ ಎನ್ನುತ್ತಾರಲ್ಲ?

ಪ್ರಕಟನಾ ಗ್ರಂಥದ 2ನೇ ಅಧ್ಯಾಯದಲ್ಲಿ, ಜಯಶಾಲಿಗೆ ಬಿಳಿಯ ಕಲ್ಲು ಕೊಡುತ್ತೇನೆ, ಅದರ ಮೇಲೆ ಪಡೆದವನಿಗಲ್ಲದೆ ಬೇರೆ ಯಾರಿಗೂ ತಿಳಿಯದ ಹೊಸ ಹೆಸರು ಬರೆದಿರುತ್ತದೆ ಎಂಬ ಮಾತಿದೆ. ಬೇರೆ ಯಾರಿಗೂ ತಿಳಿಯದು ಎಂದ ಮೇಲೆ ನಾನು ವಿವರಿಸಲು ಹೋಗುವುದು ಅಧಿಕಪ್ರಸಂಗ.

ಭಾನುವಾರ ದೀಕ್ಷಾಸ್ನಾನ. ಇನ್ನೂ ಮೂರು ಹೆಸರುಗಳ ನಡುವೆ ಜಗಳ ನಡೆಯುತ್ತಿದೆ. ಏನು ಮಾಡುವುದು?

ಸಂಜೆ ಮೂವರೂ ಅಂಗಳಕ್ಕೆ ಇಳಿಯಿರಿ. ಮಗು ಐದು ವರ್ಷದವನಾಗಿ ತೋಟದ ಆ ತುದಿಯಲ್ಲಿ, ಮಾವಿನ ಮರದಡಿ ಆಡುತ್ತಿದ್ದಾನೆ ಎಂದುಕೊಳ್ಳಿ. ಗಂಜಿ ಆರುತ್ತಿದೆ, ಮಳೆ ಬರುವ ಹಾಗಿದೆ. ಒಂದೊಂದು ಹೆಸರನ್ನೂ ಗಂಟಲು ತೆರೆದು ಮೂರು ಮೂರು ಬಾರಿ ಕೂಗಿ. ಕೆಲವು ಹೆಸರು ಬಾವಿಕಟ್ಟೆಯವರೆಗೂ ಹೋಗುವುದಿಲ್ಲ, ಕೆಲವು ಮೂರನೇ ಸಲಕ್ಕೆ ತುಂಡಾಗುತ್ತವೆ. ಯಾವುದು ಸಲೀಸಾಗಿ ಮರದವರೆಗೆ ತಲುಪಿತೋ ಅದನ್ನು ಶನಿವಾರ ಬಲಿಪೂಜೆಗೆ ಮುಂಚೆ ಇಗರ್ಜಿಯ ಕಚೇರಿಗೆ ಬಂದು ಬರೆಸಿ. ಪಕ್ಕದ ಮನೆಯ ನಾಯಿ ತಿರುಗಿ ನೋಡಿದರೆ ಮಾತ್ರ ಇನ್ನೊಂದನ್ನು ಆರಿಸಿಕೊಳ್ಳಿ.